ಉದ್ಯೋಗತ್ಯಾಗದ ನೀತಿ

ಉದ್ಯೋಗವನ್ನು ಬಿಡುವ ಪತ್ರಕ್ಕೆ ಕನ್ನಡದಲ್ಲಿ ‘ರಾಜೀನಾಮೆ’ ಎಂಬ ಹೆಸರು ರೂಢಿಯಲ್ಲಿದೆ. ಪಾರಸೀ ಮೂಲದ ಈ ಪದದಲ್ಲಿ ‘ರಾಜಿ’ ಎಂದರೆ ಒಪ್ಪಿಗೆ, ‘ನಾಮೆ’ ಎಂದರೆ ಪತ್ರ. ಹಿಂದೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ವಿಜಾಪುರ ಸೀಮೆಗಳ ಕಂದಾಯ ವ್ಯವಹಾರದಲ್ಲಿ ರೈತನು ತನ್ನ ಹಿಡುವಳಿಯನ್ನು ಬಿಟ್ಟುಕೊಡುವಾಗ ರಾಜೀನಾಮೆಯನ್ನು ಬರೆದುಕೊಡುತ್ತಿದ್ದನು. ಆ ಭೂಮಿಯನ್ನು ವಹಿಸಿಕೊಳ್ಳುವವನು ಕಬೂಲಾಯತ್ ಎಂಬ ಇನ್ನೊಂದು ಪತ್ರವನ್ನು ಬರೆದುಕೊಡುತ್ತಿದ್ದನು. ಬಿಡುವವನ ಮಾತಿಗೆ ಹಿಡಿಯುವವನ ಮಾತು ಜೊತೆಯಾಗಿ ನಿಲ್ಲುತ್ತಿತ್ತು. ಹೊಲವು ಯಾರ ಹೊಣೆಯೂ ಇಲ್ಲದೆ ಬೀಳುಬೀಳಬಾರದೆಂಬ ಎಚ್ಚರ ಆ ಜೋಡಿ ಪತ್ರಗಳಲ್ಲಿ ಅಡಗಿತ್ತು. ಕಾಲಕ್ರಮದಲ್ಲಿ ರಾಜೀನಾಮೆ ಎಂಬ ಮಾತು ಹೊಲದಿಂದ ಕಛೇರಿಗೆ ಬಂದಿತು. ಅದರ ಜೊತೆಗಿದ್ದ ಕಬೂಲಾಯತ್ ಮರೆತುಹೋಯಿತು. ಒಪ್ಪಿಗೆಯ ಅರ್ಥವೂ ಅದರೊಡನೆ ಮಸುಕಾಯಿತು.

ಉದ್ಯೋಗವನ್ನು ಸೇರುವ ಹೊತ್ತಿಗೆ ಮನೆಯ ಹಿರಿಯರೂ ಗುರುಗಳೂ ಅನೇಕ ಬುದ್ಧಿಮಾತುಗಳನ್ನು ಹೇಳುತ್ತಾರೆ. ಬಿಡುವ ಹೊತ್ತಿಗೆ ಹೇಳುವವರು ವಿರಳ. ಸೇರಿದ ಕಛೇರಿಯಲ್ಲಿಯೇ ತಲೆ ನರೆಯುವವರೆಗೆ ದುಡಿದು, ಕಡೆಯ ದಿನ ಹಾರ ಹಾಕಿಸಿಕೊಂಡು ಮನೆಗೆ ಮರಳಿದ ತಲೆಮಾರಿಗೆ ಅಂತಹ ಮಾತಿನ ಅಗತ್ಯವೂ ಹೆಚ್ಚಾಗಿರಲಿಲ್ಲ. ಅವರ ಮಕ್ಕಳು ಹತ್ತು ವರ್ಷಗಳಲ್ಲಿ ಮೂರು ನಾಲ್ಕು ಕಡೆ ದುಡಿಯುವುದು ಇಂದು ಸಾಮಾನ್ಯ ಸಂಗತಿ. ಆದುದರಿಂದ, ಬಿಡುವುದಕ್ಕೂ ಒಂದು ನೀತಿಯುಂಟೆ, ಉಂಟಾದರೆ ಅದು ಯಾರಿಗೆ ಸಲ್ಲಬೇಕಾದದ್ದು ಎಂಬ ಪ್ರಶ್ನೆ ವಿಚಾರಾರ್ಹವಾಗಿದೆ.

ಈ ವಿಷಯದಲ್ಲಿ ಎರಡು ಅಭಿಪ್ರಾಯಗಳು ಪ್ರಚಲಿತವಾಗಿವೆ. ಮೊದಲನೆಯದು ಉಪ್ಪಿನ ಋಣದ ಮಾತು. ಅನ್ನ ಕೊಟ್ಟ ಧಣಿಯನ್ನು ಬಿಟ್ಟುಹೋಗುವುದೇ ಕೃತಘ್ನತೆ, ಅದು ಉಂಡ ಮನೆಗೆ ಎರಡು ಬಗೆದಂತೆ ಎಂದು ಅದು ಸಾರುತ್ತದೆ. ಎರಡನೆಯದು ಅಂಗಡಿಯ ಮಾತು. ದುಡಿದದ್ದಾಯಿತು, ಸಂಬಳ ಪಡೆದದ್ದಾಯಿತು, ಲೆಕ್ಕ ಚುಕ್ತಾ. ನಾಳೆ ಬೆಳಿಗ್ಗೆ ಬಾರದಿದ್ದರೆ ಕೇಳುವವರಾರು ಎಂದು ಅದು ವಾದಿಸುತ್ತದೆ.

ಮೊದಲನೆಯ ಅಭಿಪ್ರಾಯ ಕೇಳಲು ಹಿತವಾಗಿದ್ದರೂ ನ್ಯಾಯಕ್ಕೆ ನಿಲ್ಲುವುದಿಲ್ಲ. ಸಂಬಳವು ದಾನವಲ್ಲ, ದುಡಿಮೆಯ ಪ್ರತಿಫಲ. ತಿಂಗಳ ದುಡಿಮೆಗೆ ತಿಂಗಳ ಸಂಬಳ ಸಂದ ಮೇಲೆ ಅನ್ನದ ಹೆಸರಿನಲ್ಲಿ ಮನುಷ್ಯನನ್ನು ಕಟ್ಟಿಹಾಕುವುದು ಋಣವಲ್ಲ, ಜೀತ. ಅಂತಹ ಕಟ್ಟನ್ನು ಭಾರತವು 1976ರ ಕಾಯಿದೆಯಿಂದ ರದ್ದುಗೊಳಿಸಿದೆ. ಹೆಚ್ಚಿನ ವಿದ್ಯೆಗಾಗಿ, ಮುಪ್ಪಿನ ತಾಯಿತಂದೆಯರ ಸೇವೆಗಾಗಿ, ಮೇಲಾದ ವೇತನಕ್ಕಾಗಿ, ಅಥವಾ ಮನಸ್ಸಿಗೆ ಒಗ್ಗುವ ಕೆಲಸಕ್ಕಾಗಿ ಹಳೆಯ ಸ್ಥಾನವನ್ನು ಬಿಡುವವನು ಯಾವ ಪಾಪವನ್ನೂ ಮಾಡಿದವನಲ್ಲ.

ಎರಡನೆಯ ಅಭಿಪ್ರಾಯದ ದೋಷ ಬೇರೆ ಬಗೆಯದು. ಅದು ಲೆಕ್ಕದ ಪುಸ್ತಕದಲ್ಲಿ ಧಣಿ ಮತ್ತು ನೌಕರ ಎಂಬ ಎರಡು ಹೆಸರುಗಳನ್ನು ಮಾತ್ರ ಕಾಣುತ್ತದೆ. ಪರೀಕ್ಷೆಗೆ ಎರಡು ತಿಂಗಳಿರುವಾಗ ಗಣಿತದ ಶಿಕ್ಷಕನು ಹೇಳದೆ ಕೇಳದೆ ಬೇರೆ ಊರಿಗೆ ಹೊರಟುಹೋದರೆ ಶಾಲೆಯ ಆಡಳಿತ ಮಂಡಲಿಗೆ ಆಗುವ ತೊಂದರೆ ಅಲ್ಪ. ಹತ್ತನೆಯ ತರಗತಿಯ ಮಕ್ಕಳಿಗೆ ಆಗುವ ತೊಂದರೆ ಒಂದು ವರ್ಷದ್ದು. ಶುಶ್ರೂಷಕಿಯೊಬ್ಬಳು ರಾತ್ರಿ ಪಾಳಿಗೆ ಬಾರದಿದ್ದರೆ ಆಸ್ಪತ್ರೆಯ ಒಡೆಯನ ನಿದ್ದೆ ಕೆಡುವುದಿಲ್ಲ. ಎರಡು ವಾರ್ಡುಗಳನ್ನು ಒಬ್ಬಳೇ ನೋಡಿಕೊಳ್ಳಬೇಕಾದ ಸಹೋದ್ಯೋಗಿಯ ಮತ್ತು ನೋವಿನಿಂದ ಕರೆಯುವ ರೋಗಿಯ ನಿದ್ದೆ ಕೆಡುತ್ತದೆ. ಮಾರ್ಚ್ ತಿಂಗಳ ಕಡೆಯಲ್ಲಿ ಮಂಡಿಯ ಲೆಕ್ಕಿಗನು ಕಣ್ಮರೆಯಾದರೆ ಆ ಭಾರವನ್ನು ಹೊರುವವನು ಪಕ್ಕದ ಮೇಜಿನ ಕಿರಿಯ ಗುಮಾಸ್ತ. ಅವಸರದಲ್ಲಿ ಬಿಡುವವನು ಒಡೆಯನಿಗೆ ಪೆಟ್ಟು ಕೊಟ್ಟೆನೆಂದು ಭಾವಿಸುತ್ತಾನೆ. ಆ ಪೆಟ್ಟು ಬೀಳುವುದು ಬಹುಮಟ್ಟಿಗೆ ತನ್ನಂತೆಯೇ ದುಡಿಯುವವರ ಮೇಲೆ, ತನ್ನನ್ನು ನಂಬಿದವರ ಮೇಲೆ. ಹೀಗೆ, ಬಿಡುವ ಹಕ್ಕು ಬಿಡುವವನೊಬ್ಬನದೇ ಆದರೂ ಬಿಡುವ ಬಗೆಯಲ್ಲಿ ಇತರರ ಪಾಲೂ ಇದೆ. ಆ ಪಾಲನ್ನು ಕಾಲ, ವಸ್ತು, ತಿಳಿವು, ಮಾತು ಎಂದು ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಕಾಲ. ನೇಮಕಾತಿಯ ಪತ್ರದಲ್ಲಿ ಸೂಚನಾ ಅವಧಿಯೊಂದನ್ನು ನಮೂದಿಸಿರುತ್ತಾರೆ. ಕೆಲವೆಡೆ ಅದು ಒಂದು ತಿಂಗಳು. ಬೆಂಗಳೂರಿನ ಅನೇಕ ಸಾಫ್ಟ್‌ವೇರ್ ಕಂಪೆನಿಗಳಲ್ಲಿ 90 ದಿನಗಳು. ಒಪ್ಪಿ ಸಹಿ ಹಾಕಿದ ಮೇಲೆ ಅದು ಕೊಟ್ಟ ಮಾತು. ಆ ಅವಧಿಯಲ್ಲಿ ದೇಹವನ್ನು ಮಾತ್ರ ಕುರ್ಚಿಯಲ್ಲಿರಿಸಿ ಮನಸ್ಸನ್ನು ಹೊಸ ಸ್ಥಾನಕ್ಕೆ ಕಳುಹಿಸಿಬಿಡುವವರುಂಟು. ಅವರು ಪಡೆಯುವ ಸಂಬಳದ ಅಷ್ಟು ಭಾಗ ದುಡಿಯದೆ ಪಡೆದದ್ದು. ಈ ವಿಷಯದಲ್ಲಿ ಡಾ. ಅಂಬೇಡ್ಕರರ ನಡೆ ಸ್ಮರಣೀಯವಾಗಿದೆ. ಹಿಂದೂ ಸಂಹಿತೆಯ ಮಸೂದೆಯನ್ನು ಕೈಬಿಟ್ಟದ್ದೇ ಮೊದಲಾದ ಕಾರಣಗಳಿಂದ ಬೇಸತ್ತ ಅವರು 1951ರ ಸೆಪ್ಟೆಂಬರ್ 27ರಂದು ಕಾನೂನು ಮಂತ್ರಿಯ ಪದವಿಗೆ ರಾಜೀನಾಮೆ ಕೊಟ್ಟರು. ಅದು ಕೂಡಲೇ ಜಾರಿಯಾಗಲಿ ಎಂಬುದು ಅವರ ಮನಸ್ಸಾಗಿತ್ತು. ಆದರೂ ತಮ್ಮ ಹೆಸರಿನಲ್ಲಿ ಸಂಸತ್ತಿನ ಮುಂದಿದ್ದ ಮಸೂದೆಗಳ ಕೆಲಸ ಇನ್ನೂ ಮುಗಿಯದಿದ್ದುದರಿಂದ ಅಧಿವೇಶನದ ಕೊನೆಯವರೆಗೆ ಮುಂದುವರಿಯಲು ಅವಕಾಶವನ್ನು ಕೇಳಿಕೊಂಡರು. ಸರಕಾರದ ಮೇಲಿನ ಅಸಮಾಧಾನವು ಕೈಗೆತ್ತಿಕೊಂಡ ಕೆಲಸದ ಮೇಲಿನ ಹೊಣೆಯನ್ನು ಅಳಿಸಲಿಲ್ಲ.

ಎರಡನೆಯದು ವಸ್ತು. ಕಛೇರಿಯ ಕೀಲಿಕೈ, ಗುರುತಿನ ಚೀಟಿ, ಲ್ಯಾಪ್‌ಟಾಪ್, ವಾಹನ, ಮುಂಗಡವಾಗಿ ಪಡೆದ ಹಣ ಇವುಗಳನ್ನು ಪಟ್ಟಿ ಮಾಡಿ ಒಪ್ಪಿಸಿ ರಸೀತಿ ಪಡೆಯುವುದು ಇಬ್ಬರಿಗೂ ಕ್ಷೇಮ. ಸರ್ ಎಂ. ವಿಶ್ವೇಶ್ವರಯ್ಯನವರು 1918ರಲ್ಲಿ ಮೈಸೂರಿನ ದಿವಾನ್ ಪದವಿಯನ್ನು ಬಿಟ್ಟಾಗ ರಾಜೀನಾಮೆ ಸಲ್ಲಿಸಲು ಸರಕಾರಿ ಕಾರಿನಲ್ಲಿ ಅರಮನೆಗೆ ಹೋಗಿ, ಹಿಂದಿರುಗುವಾಗ ಸ್ವಂತ ಕಾರಿನಲ್ಲಿ ಬಂದರೆಂಬ ಕಥೆ ಕನ್ನಡನಾಡಿನಲ್ಲಿ ಜನಜನಿತವಾಗಿದೆ. ಆ ಕಥೆಯನ್ನು ಜನರು ಇಷ್ಟು ಕಾಲ ನೆನಪಿನಲ್ಲಿಟ್ಟುಕೊಂಡಿರುವುದಕ್ಕೆ ಕಾರಣವಿದೆ. ಪದವಿಗೆ ಸೇರಿದ್ದು ಯಾವುದು, ತನಗೆ ಸೇರಿದ್ದು ಯಾವುದು ಎಂಬ ಗೆರೆಯು ಬಿಡುವ ಗಳಿಗೆಯಲ್ಲಿ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣಬೇಕು.

ತರಬೇತಿಯ ವೆಚ್ಚ ಮತ್ತು ಸೇವಾ ಮುಚ್ಚಳಿಕೆಯ ಪ್ರಶ್ನೆಯೂ ಇದಕ್ಕೆ ಸೇರುತ್ತದೆ. ವಿಜಯಾ ಬ್ಯಾಂಕಿನಲ್ಲಿ ಮೂರು ವರ್ಷ ಸೇವೆ ಸಲ್ಲಿಸುವೆನು, ತಪ್ಪಿದರೆ 2 ಲಕ್ಷ ರೂಪಾಯಿ ಕೊಡುವೆನು ಎಂದು ಬರೆದುಕೊಟ್ಟು 2007ರಲ್ಲಿ ಸೇರಿದ ಅಧಿಕಾರಿಯೊಬ್ಬರು 2009ರಲ್ಲಿ ಬೇರೊಂದು ಬ್ಯಾಂಕಿಗೆ ಹೋದರು. ಹಣವನ್ನು ಆಕ್ಷೇಪಣೆಯೊಡನೆ ಕಟ್ಟಿ ನ್ಯಾಯಾಲಯದ ಮೆಟ್ಟಿಲೇರಿದರು. ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ಅವರ ಪರವಾಗಿ ತೀರ್ಪು ಬಂದಿತು. 2025ರ ಮೇ 14ರಂದು ಸರ್ವೋಚ್ಚ ನ್ಯಾಯಾಲಯವು ಅದನ್ನು ತಳ್ಳಿಹಾಕಿ ಆ ಕರಾರು ಸಿಂಧುವೆಂದಿತು. ಸಾರ್ವಜನಿಕ ಬ್ಯಾಂಕು ಒಂದು ಸ್ಥಾನವನ್ನು ತುಂಬಬೇಕಾದರೆ ಬಹಿರಂಗ ಪ್ರಕಟಣೆ, ಆಯ್ಕೆ ಎಂಬ ದೀರ್ಘವೂ ವೆಚ್ಚದ್ದೂ ಆದ ದಾರಿಯನ್ನು ಮತ್ತೆ ತುಳಿಯಬೇಕಾಗುತ್ತದೆಂಬುದು ಅಲ್ಲಿ ಮುಖ್ಯ ಕಾರಣವಾಗಿತ್ತು. ಗಮನಿಸಬೇಕಾದ ಅಂಶವೆಂದರೆ, ಆ ಕರಾರು ಬಿಡುವುದನ್ನು ತಡೆಯಲಿಲ್ಲ. ಬಿಡುವುದಕ್ಕೆ ಬೆಲೆಯೊಂದನ್ನು ಮೊದಲೇ ಹೇಳಿತ್ತು.

ಮೂರನೆಯದು ತಿಳಿವು. ಇದು ಕಣ್ಣಿಗೆ ಕಾಣದ ಆಸ್ತಿಯಾದುದರಿಂದ ಹೆಚ್ಚಿನ ವಿವೇಚನೆಯನ್ನು ಬೇಡುತ್ತದೆ. ತಿಳಿವಿನ ವಿಷಯದಲ್ಲಿ ಎರಡು ತಪ್ಪುಗಳು ಸಾಧ್ಯ. ಬಿಟ್ಟುಹೋಗಬೇಕಾದದ್ದನ್ನು ಬಿಡದಿರುವುದು ಒಂದು. ಒಯ್ಯಬಾರದ್ದನ್ನು ಒಯ್ಯುವುದು ಇನ್ನೊಂದು. ಯಾವ ಕೆಲಸ ಎಲ್ಲಿಗೆ ಬಂದಿದೆ, ಯಾವ ಕಡತ ಎಲ್ಲಿದೆ, ಯಾವ ಗಿರಾಕಿಗೆ ಯಾವ ಮಾತು ಕೊಟ್ಟಿದೆ, ಯಾವ ಯಂತ್ರ ಯಾವ ಗಳಿಗೆಯಲ್ಲಿ ಕೈಕೊಡುತ್ತದೆ ಎಂಬುದನ್ನು ಬರೆದಿರಿಸಿ ಮುಂದಿನವನಿಗೆ ಒಪ್ಪಿಸುವುದು ಮೊದಲನೆಯ ತಪ್ಪಿಗೆ ಪರಿಹಾರ. ತನ್ನ ಅನಿವಾರ್ಯತೆಯನ್ನು ಲೋಕಕ್ಕೆ ತೋರಿಸಬೇಕೆಂಬ ಆಸೆಯಿಂದ ಗುಟ್ಟುಗಳನ್ನು ಬಚ್ಚಿಟ್ಟು, ತಾನು ಹೋದ ಮೇಲೆ ಎಲ್ಲವೂ ಕುಸಿಯಿತೆಂದು ಕೇಳಿ ಸಂತೋಷಪಡುವವನು ತನ್ನ ಅಷ್ಟು ವರ್ಷಗಳ ದುಡಿಮೆಯನ್ನೇ ಕೆಡವಿದಂತಾಗುತ್ತದೆ.

ಎರಡನೆಯ ತಪ್ಪಿನ ವಿಷಯದಲ್ಲಿ ಕಾಯಿದೆ ಉದಾರವಾಗಿದೆ. 1872ರ ಭಾರತೀಯ ಕರಾರು ಕಾಯಿದೆಯ 27ನೆಯ ಕಲಮಿನಂತೆ ಮನುಷ್ಯನ ನ್ಯಾಯಸಮ್ಮತ ವೃತ್ತಿಯನ್ನು ತಡೆಯುವ ಒಪ್ಪಂದ ಸಾಮಾನ್ಯವಾಗಿ ಅಸಿಂಧು. ಕೈಗೆ ಬಂದ ಕುಶಲತೆ, ಬೆಳೆದ ಬುದ್ಧಿ, ಅನುಭವದ ಪಾಕ ಇವು ದುಡಿದವನವೇ. ಅವನ್ನು ಯಾರೂ ಕಸಿದುಕೊಳ್ಳಲಾರರು. ಗಿರಾಕಿಗಳ ಪಟ್ಟಿ, ಇನ್ನೂ ತೆರೆಯದ ಟೆಂಡರಿನ ದರ, ಔಷಧದ ಪ್ರಮಾಣಪಟ್ಟಿ, ಗಣಕದಲ್ಲಿ ಬರೆದ ಸಂಕೇತಗಳು ಇವು ಸಂಸ್ಥೆಯವು. ನಾಲ್ಕು ಗೋಡೆಗಳ ನಡುವೆ ಯಾರೂ ಕಾಣದಂತೆ ಪೆನ್‌ಡ್ರೈವಿನಲ್ಲಿ ತುಂಬಿಕೊಂಡರೂ ಅದು ಕಳವೇ. ತತ್ತ್ವಾರ್ಥಸೂತ್ರವು ಅಚೌರ್ಯವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಸ್ತೇನಪ್ರಯೋಗ ಮತ್ತು ತದಾಹೃತಾದಾನ ಎಂಬ ಎರಡು ಮೊದಲಿಗೆ ಬರುತ್ತವೆ. ಕಳ್ಳನನ್ನು ಪ್ರೇರೇಪಿಸುವುದು ಮೊದಲನೆಯದು, ಕದ್ದು ತಂದದ್ದನ್ನು ಸ್ವೀಕರಿಸುವುದು ಎರಡನೆಯದು. ‘ಬರುವಾಗ ಹಳೆಯ ಅಂಗಡಿಯ ಗಿರಾಕಿಗಳ ವಿವರ ತನ್ನಿ’ ಎಂದು ಹೇಳುವ ಹೊಸ ಧಣಿಯು ಈ ಎರಡರಲ್ಲಿಯೂ ಪಾಲುದಾರ. ಇಂದು ಹಳೆಯ ಮನೆಯ ಗುಟ್ಟನ್ನು ತಂದವನು ನಾಳೆ ತನ್ನ ಮನೆಯ ಗುಟ್ಟನ್ನು ಒಯ್ಯುವನೆಂಬುದು ಅಂತಹ ಧಣಿಗೆ ಹೊಳೆಯದಿರುವುದು ವಿಪರ್ಯಾಸ.

ನಾಲ್ಕನೆಯದು ಮಾತು. ಬಿಡುವ ನಿರ್ಧಾರವನ್ನು ಮೊದಲು ತಿಳಿಯಬೇಕಾದವನು ನೇರ ಮೇಲಧಿಕಾರಿ. ಅದೂ ಎದುರಿಗೆ, ಶಾಂತವಾಗಿ. ಸಹೋದ್ಯೋಗಿಗಳ ಪಿಸುಮಾತಿನಿಂದ ಆತನಿಗೆ ಸುದ್ದಿ ಮುಟ್ಟುವುದು ಅಗೌರವ. ಪತ್ರವು ಚಿಕ್ಕದಾಗಿರಬೇಕು: ಬಿಡುವ ನಿರ್ಧಾರ, ಸೂಚನಾ ಅವಧಿಯಂತೆ ಕಡೆಯ ಕೆಲಸದ ದಿನಾಂಕ, ಕೆಲಸವನ್ನು ಒಪ್ಪಿಸಲು ಸಿದ್ಧವೆಂಬ ಮಾತು, ಕಲಿತದ್ದಕ್ಕೆ ಒಂದು ಕೃತಜ್ಞತೆ. ಸಂಜೆಯ ಸಿಟ್ಟಿನಲ್ಲಿ ಬರೆದ ಪತ್ರವನ್ನು ಬೆಳಗಿನ ಬೆಳಕಿನಲ್ಲಿ ಮತ್ತೊಮ್ಮೆ ಓದಿ ಸಹಿ ಹಾಕುವುದು ಲೇಸು.

ಪತ್ರವನ್ನು ಚೌಕಾಸಿಯ ಆಯುಧವಾಗಿ ಬಳಸುವುದು ಇನ್ನೊಂದು ದೋಷ. ಬಿಡುವ ಮನಸ್ಸಿಲ್ಲದೆ, ಸಂಬಳ ಏರಲೆಂಬ ಎಣಿಕೆಯಿಂದ ಕೊಡುವ ರಾಜೀನಾಮೆ ಕಾಗದದ ಮೇಲಿನ ಅಸತ್ಯ. ಹೊಸ ಸಂಸ್ಥೆಗೆ ಬರುವೆನೆಂದು ಒಪ್ಪಿ, ಆ ಒಪ್ಪಿಗೆಯನ್ನು ತೋರಿಸಿ ಹಳೆಯ ಸಂಸ್ಥೆಯಲ್ಲಿ ಹೆಚ್ಚಿನ ಸಂಬಳ ಪಡೆದು ಅಲ್ಲಿಯೇ ಉಳಿದುಬಿಡುವುದು ಇಬ್ಬರಿಗೆ ಮಾಡಿದ ವಂಚನೆ. ಲಾಲ್ ಬಹಾದೂರ್ ಶಾಸ್ತ್ರಿಯವರು ರೈಲ್ವೆ ಮಂತ್ರಿಗಳಾಗಿದ್ದಾಗ 1956ರ ಸೆಪ್ಟೆಂಬರಿನಲ್ಲಿ ಮಹಬೂಬ್‌ನಗರದ ಬಳಿ ರೈಲು ದುರಂತ ಸಂಭವಿಸಿತು. ಅವರು ರಾಜೀನಾಮೆ ಕೊಟ್ಟರು. ಪ್ರಧಾನಿ ನೆಹರೂ ಒಪ್ಪಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಅರಿಯಲೂರಿನ ಬಳಿ ಮತ್ತೊಂದು ಘೋರ ದುರಂತವಾದಾಗ ಶಾಸ್ತ್ರಿಯವರು ಮತ್ತೆ ಪತ್ರ ಕೊಟ್ಟರು, ಈ ಬಾರಿ ಅದು ಅಂಗೀಕೃತವಾಯಿತು. ಅಪಘಾತಕ್ಕೆ ಶಾಸ್ತ್ರಿಯವರು ಹೊಣೆಯೆಂದಲ್ಲ, ಸಾಂವಿಧಾನಿಕ ಔಚಿತ್ಯಕ್ಕೆ ಅದು ಮೇಲ್ಪಂಕ್ತಿಯಾಗಲೆಂದು ಒಪ್ಪಿರುವುದಾಗಿ ನೆಹರೂ ಹೇಳಿದರು. ಎರಡನೆಯ ಪತ್ರವು ಮೊದಲನೆಯದರ ಪ್ರಾಮಾಣಿಕತೆಗೂ ಸಾಕ್ಷಿಯಾಯಿತು.

ಹಾಗಾದರೆ ಬಿಡುವುದಕ್ಕೆ ನಿಜವಾದ ಕಾರಣವನ್ನು ಎಷ್ಟು ಹೇಳಬೇಕು? ಇಲ್ಲದ ಕಾಯಿಲೆಯನ್ನು, ಇಲ್ಲದ ಮನೆಯ ತೊಂದರೆಯನ್ನು ಕಲ್ಪಿಸಿ ಬರೆಯುವುದು ಸುಳ್ಳು ದಸ್ತಾವೇಜು. ಸತ್ಯವ್ರತದ ಅತಿಚಾರಗಳಲ್ಲಿ ಕೂಟಲೇಖವೆಂದು ಎಣಿಸಲ್ಪಟ್ಟದ್ದು. ಆದರೆ ಸುಳ್ಳು ಹೇಳದಿರುವುದು ಬೇರೆ, ತಿಳಿದದ್ದನ್ನೆಲ್ಲ ಆಡುವುದು ಬೇರೆ. ಒಬ್ಬ ಮೇಲಧಿಕಾರಿಯ ಸಿಡುಕು, ಒಬ್ಬ ಸಹೋದ್ಯೋಗಿಯ ಅಸೂಯೆ ಇವುಗಳನ್ನು ಪತ್ರದಲ್ಲಿ ದಾಖಲಿಸುವುದರಿಂದ ಯಾರಿಗೂ ಉಪಕಾರವಿಲ್ಲ, ಮೌನವೇ ಸಾಕು. ಮೌನದಿಂದ ಇತರರಿಗೆ ಹಾನಿಯಾಗುವಂತಿದ್ದರೆ ವಿಷಯ ಬದಲಾಗುತ್ತದೆ. ಅಂಬೇಡ್ಕರರು ರಾಜೀನಾಮೆ ಕೊಟ್ಟ ಮೇಲೆ ಹೇಳಿಕೆ ಕೊಡಬೇಕೆ ಬೇಡವೆ ಎಂದು ಕೆಲವು ದಿನ ಯೋಚಿಸಿ, ಕೊಡುವುದು ತಮ್ಮ ಕರ್ತವ್ಯವೆಂಬ ತೀರ್ಮಾನಕ್ಕೆ ಬಂದರು; ಸದನದಲ್ಲಿ ತಾವು ಬಯಸಿದಂತೆ ಓದಲು ಅವಕಾಶ ದೊರೆಯದಾಗ ಪತ್ರಿಕೆಗಳ ಮೂಲಕ ಅದನ್ನು ಪ್ರಕಟಿಸಿದರು. ಮಹಿಳೆಯರ ಹಕ್ಕಿನಂತಹ ಸಾರ್ವಜನಿಕ ವಿಷಯ ಅಲ್ಲಿತ್ತು. ಹಾಗೆಯೇ ಕಾರ್ಖಾನೆಯ ವಿಷವು ಹಳ್ಳಕ್ಕೆ ಸೇರುತ್ತಿರುವುದನ್ನೋ, ಲೆಕ್ಕದಲ್ಲಿ ಠೇವಣಿದಾರರ ಹಣ ಕರಗುತ್ತಿರುವುದನ್ನೋ ಬಲ್ಲವನು ಸವಿಮಾತಿನ ಪತ್ರ ಬರೆದು ಜಾರಿಕೊಂಡರೆ ಅದು ಸೌಜನ್ಯವಾಗದು. ಸಂಸ್ಥೆಯ ಗುಟ್ಟನ್ನು ಕಾಯುವುದು ಧರ್ಮ, ಸಂಸ್ಥೆಯ ಅಪರಾಧವನ್ನು ಕಾಯುವುದು ಧರ್ಮವಲ್ಲ. ತಿಳಿಸಬೇಕಾದದ್ದನ್ನು ತನ್ನ ಹೆಸರಿಟ್ಟು, ಅಧಿಕಾರವುಳ್ಳವರಿಗೆ, ಕಂಡಷ್ಟನ್ನೇ ತಿಳಿಸುವುದು ಮಾರ್ಗ.

ಇಲ್ಲಿ ಕಠಿಣವಾದ ಪ್ರಶ್ನೆಯೊಂದು ಎದುರಾಗುತ್ತದೆ. ಅನ್ಯಾಯ ಮಾಡಿದ ಧಣಿಗೂ ಈ ಸೌಜನ್ಯ ಸಲ್ಲಬೇಕೆ? ಬೆಳಿಗ್ಗೆ ಕೆಲಸಕ್ಕೆ ಬಂದವನನ್ನು ಮಧ್ಯಾಹ್ನದೊಳಗೆ ಹೊರಗೆ ಕಳುಹಿಸುವ ಸಂಸ್ಥೆಗಳಿವೆ. ಅವು ಒಂದು ಗಂಟೆಯ ಅವಕಾಶವನ್ನೂ ಕೊಡದಿರುವಾಗ ನೌಕರನು ಮೂರು ತಿಂಗಳು ಕೊಡಬೇಕೆಂಬುದು ಯಾವ ನ್ಯಾಯ? ಈ ಆಕ್ಷೇಪಣೆಯನ್ನು ಹಗುರವಾಗಿ ಕಾಣಲಾಗದು.

ಇದಕ್ಕೆ ಸುಭಾಷಚಂದ್ರ ಬೋಸರ ಒಂದು ಪತ್ರ ಬೆಳಕು ನೀಡುತ್ತದೆ. 1920ರಲ್ಲಿ ಐ.ಸಿ.ಎಸ್. ಪರೀಕ್ಷೆಯಲ್ಲಿ ನಾಲ್ಕನೆಯ ಸ್ಥಾನ ಪಡೆದ ಅವರು ಪರಕೀಯ ಸರಕಾರದ ಸೇವೆ ತಮಗೆ ಸಲ್ಲದೆಂದು ನಿರ್ಧರಿಸಿ, 1921ರ ಏಪ್ರಿಲ್ 22ರಂದು ಭಾರತ ಮಂತ್ರಿ ಮಾಂಟೆಗು ಅವರಿಗೆ ಪತ್ರ ಬರೆದು ತಮ್ಮ ಹೆಸರನ್ನು ಪಟ್ಟಿಯಿಂದ ತೆಗೆಯಬೇಕೆಂದು ಕೋರಿದರು. ಅಲ್ಲಿಯವರೆಗೆ ಭತ್ಯೆಯೆಂದು ಪಡೆದಿದ್ದ 100 ಪೌಂಡುಗಳನ್ನು, ರಾಜೀನಾಮೆ ಅಂಗೀಕಾರವಾದ ಕೂಡಲೇ ಹಿಂದಿರುಗಿಸುವೆನೆಂದು ಅದೇ ಪತ್ರದಲ್ಲಿ ತಿಳಿಸಿದರು. ಆ ಸರಕಾರ ನ್ಯಾಯವಾದುದೆಂದು ಅವರು ಭಾವಿಸಿರಲಿಲ್ಲ; ಮುಂದೆ ಜೀವನವಿಡೀ ಅದರೊಡನೆ ಹೋರಾಡಿದರು. ಆದರೆ ಸೇವೆಗಾಗಿ ಕೊಟ್ಟ ಹಣವನ್ನು ಸೇವೆ ಮಾಡದೆ ಇಟ್ಟುಕೊಳ್ಳಲು ಎದುರಾಳಿಯ ಅನ್ಯಾಯವು ಪರವಾನಗಿಯಾಗಲಿಲ್ಲ. ಹಂಗಿಲ್ಲದೆ ಹೊರಬಂದವನ ವಿರೋಧಕ್ಕೆ ಇರುವ ತೂಕ ಬೇರೆಯೇ.

ಆದರೂ ಮಿತಿಗಳಿವೆ. ಪ್ರಾಣಕ್ಕೆ, ಮಾನಕ್ಕೆ, ಆರೋಗ್ಯಕ್ಕೆ ಅಪಾಯವಿರುವ ಸ್ಥಳದಲ್ಲಿ, ತಿಂಗಳುಗಟ್ಟಲೆ ಸಂಬಳ ಕೊಡದಿರುವಲ್ಲಿ, ಅಪರಾಧಕ್ಕೆ ಕೈಜೋಡಿಸೆಂದು ಒತ್ತಾಯಿಸುವಲ್ಲಿ ಸೂಚನಾ ಅವಧಿಯ ಮಾತು ಬಾಧ್ಯತೆಯಾಗಿ ಉಳಿಯುವುದಿಲ್ಲ. ಅದನ್ನು ಮೊದಲು ಮುರಿದವನು ಧಣಿಯೇ. ಅಂತಹ ಸ್ಥಳದಿಂದ ಅಂದೇ ಹೊರಡುವುದು ತಪ್ಪಲ್ಲ. ಆಗಲೂ ಪಕ್ಕದ ಮೇಜಿನವನಿಗೆ ಕಡತಗಳು ಎಲ್ಲಿವೆಯೆಂದು ಹೇಳಿ ಹೋಗಲು ಐದು ನಿಮಿಷ ಸಾಕು. ಧಣಿಯ ಹಕ್ಕು ಕಳೆದುಹೋಗಬಹುದು, ಜೊತೆಗಾರನ ಹಕ್ಕು ಕಳೆಯುವುದಿಲ್ಲ.

ಇನ್ನು ಧಣಿಗಳ ಕರ್ತವ್ಯವನ್ನೂ ಹೇಳದಿದ್ದರೆ ವಿಚಾರ ಅರ್ಧವಾಗುತ್ತದೆ. ವ್ಯಾಪಾರ ವ್ಯವಹಾರಗಳಲ್ಲಿ ತೊಡಗಿ ಹತ್ತಾರು ಜನರಿಗೆ ಕೆಲಸ ಕೊಟ್ಟಿರುವ ವಾಚಕರು ಇದನ್ನು ವಿಶೇಷವಾಗಿ ಗಮನಿಸಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದ 2019ರ ವೇತನ ಸಂಹಿತೆಯಂತೆ ರಾಜೀನಾಮೆ ಕೊಟ್ಟವನಿಗೆ ಬರಬೇಕಾದ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಪಾವತಿ ಮಾಡಬೇಕು. ಐದು ವರ್ಷ ದುಡಿದವನಿಗೆ ಪ್ರತಿ ವರ್ಷಕ್ಕೆ 15 ದಿನಗಳ ವೇತನದ ಲೆಕ್ಕದಲ್ಲಿ ಗ್ರಾಚ್ಯುಯಿಟಿ ಕೊಡಬೇಕೆಂಬ ನಿಯಮ 1972ರ ಕಾಯಿದೆಯ ಕಾಲದಿಂದಲೂ ಇದೆ. ಅನುಭವದ ಪ್ರಮಾಣಪತ್ರವನ್ನು ತಡೆಹಿಡಿಯುವುದು, ಮೂಲ ಅಂಕಪಟ್ಟಿಗಳನ್ನು ಬೀರುವಿನಲ್ಲಿಟ್ಟುಕೊಂಡು ಸತಾಯಿಸುವುದು, ಹೊಸ ಸಂಸ್ಥೆಗೆ ಚಾಡಿ ಹೇಳುವುದು ಇವು ನೌಕರನ ಕಳವಿಗೆ ಸಮನಾದ ದೋಷಗಳು. ಬಿಟ್ಟುಹೋಗುವವನನ್ನು ಗೌರವದಿಂದ ಕಳುಹಿಸಿಕೊಡುವ ಅಂಗಡಿಯಲ್ಲಿ ಉಳಿದವರು ನಿಶ್ಚಿಂತೆಯಿಂದ ದುಡಿಯುತ್ತಾರೆ; ತಮಗೂ ಒಂದು ದಿನ ಅದೇ ನಡವಳಿಕೆ ಸಿಗುವುದೆಂದು ಅವರು ಕಣ್ಣಾರೆ ಕಂಡಿರುತ್ತಾರೆ.

ಬಿಡುವುದರ ಮಹತ್ತರ ನಿದರ್ಶನ ಆದಿಪುರಾಣದಲ್ಲಿದೆ. ವೃಷಭದೇವನು ದೀಕ್ಷೆಗೆ ಹೊರಡುವ ಮುನ್ನ ಭರತನಿಗೆ ಪಟ್ಟ ಕಟ್ಟಿದನು, ಬಾಹುಬಲಿಗೆ ಪೌದನಪುರವನ್ನು ಕೊಟ್ಟನು, ಉಳಿದ ಮಕ್ಕಳಿಗೂ ರಾಜ್ಯಗಳನ್ನು ಹಂಚಿದನು. ವೈರಾಗ್ಯವು ಪಕ್ವವಾದ ಗಳಿಗೆಯಲ್ಲಿಯೂ ಪ್ರಜೆಗಳನ್ನು ಅನಾಥರನ್ನಾಗಿ ಬಿಡಲಿಲ್ಲ. ಆದರೂ ನಮಿ ವಿನಮಿಗಳು ತಮಗೆ ಪಾಲು ಸಿಗಲಿಲ್ಲವೆಂದು, ಪ್ರತಿಮಾಯೋಗದಲ್ಲಿ ನಿಂತಿದ್ದ ಸ್ವಾಮಿಯ ಪಾದದ ಬಳಿಗೆ ಬಂದು ಬೇಡಿದರು. ಧರಣೇಂದ್ರನು ಬಂದು ಅವರಿಗೆ ವಿದ್ಯಾಧರ ರಾಜ್ಯವನ್ನು ಕೊಡಿಸಬೇಕಾಯಿತು. ಎಷ್ಟು ಎಚ್ಚರದಿಂದ ಒಪ್ಪಿಸಿದರೂ ಹಿಂದಿನಿಂದ ಒಂದು ಕರೆ ಬರುವುದು ಲೋಕಸಹಜ. ಬಿಟ್ಟುಹೋದ ಕೆಲಸದ ಬಗ್ಗೆ ಹಳೆಯ ಸಹೋದ್ಯೋಗಿ ಕೇಳಿದಾಗ ಮುಖ ತಿರುಗಿಸಬಾರದೆಂಬ ಪಾಠ ಅಲ್ಲಿ ದೊರೆಯುತ್ತದೆ. ಅದೇ ಕಥೆಯಲ್ಲಿ ಸ್ವಾಮಿಭಕ್ತಿಯೊಂದರಿಂದಲೇ ಪ್ರೇರಿತರಾಗಿ ಜೊತೆಗೆ ದೀಕ್ಷೆ ಪಡೆದ 4000 ಅರಸರೂ ಇದ್ದಾರೆ. ಹಸಿವು ಬಾಯಾರಿಕೆಗಳನ್ನು ತಾಳಲಾರದೆ ಅವರು ಭ್ರಷ್ಟರಾದರು. ಇನ್ನೊಬ್ಬನು ಬಿಟ್ಟನೆಂದು ತಾನೂ ಬಿಡುವವನು, ಗೆಳೆಯನ ಸಿಟ್ಟನ್ನು ತನ್ನ ಸಿಟ್ಟೆಂದು ತಿಳಿದು ಪತ್ರ ಬರೆಯುವವನು, ಆ ಅರಸರ ಸ್ಥಿತಿಯನ್ನು ನೆನೆಯುವುದು ಉಚಿತ. ಬಿಡುವುದು ಪ್ರತಿಯೊಬ್ಬನ ಸ್ವಂತ ನಿರ್ಣಯವಾಗಿರಬೇಕು.

ಸರಿಯಾಗಿ ಬಿಟ್ಟವನಿಗೆ ಹಳೆಯ ಬಾಗಿಲು ಮುಚ್ಚುವುದಿಲ್ಲವೆಂಬುದಕ್ಕೂ ನಿದರ್ಶನವಿದೆ. ಹುದ್ದೆಗಳ ಮೀಸಲಾತಿಯ ವಿಷಯದಲ್ಲಿ ಭಿನ್ನಾಭಿಪ್ರಾಯ ಬಂದು ದಿವಾನಗಿರಿಯಿಂದ ನಿರ್ಗಮಿಸಿದ ವಿಶ್ವೇಶ್ವರಯ್ಯನವರೇ 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಆಡಳಿತವನ್ನು ವಹಿಸಿಕೊಂಡು 1929ರವರೆಗೆ ಅದೇ ಮೈಸೂರು ಸಂಸ್ಥಾನಕ್ಕೆ ದುಡಿದರು. ಅಭಿಪ್ರಾಯ ಬೇರೆಯಾಗಿದ್ದರೂ ಸಂಬಂಧವು ಕಹಿಯಾಗದಂತೆ ಎರಡು ಕಡೆಯವರೂ ನೋಡಿಕೊಂಡದ್ದರಿಂದ ಅದು ಸಾಧ್ಯವಾಯಿತು.

ಸೇರುವ ದಿನ ಮನುಷ್ಯನು ತನ್ನ ಗುಣಗಳನ್ನು ತಾನೇ ಹೇಳಿಕೊಳ್ಳುತ್ತಾನೆ. ಅಂದು ಅವನಿಗೆ ಅದರಿಂದ ಲಾಭವಿದೆ. ಬಿಡುವ ದಿನ ಸಂಸ್ಥೆಯಿಂದ ಪಡೆಯಬೇಕಾದದ್ದು ಬಹುಮಟ್ಟಿಗೆ ಮುಗಿದಿರುತ್ತದೆ. ಅಂದು ಅವನು ಮಾಡುವ ಕೆಲಸಕ್ಕೆ ಬಡ್ತಿಯ ಆಸೆಯಿಲ್ಲ, ಮೇಲಧಿಕಾರಿಯ ಭಯವಿಲ್ಲ. ಆ ಕಡೆಯ ವಾರಗಳ ನಡತೆ ಆತನ ಹಿಂದಿನ ವರ್ಷಗಳಿಗೆಲ್ಲ ಸಹಿ ಹಾಕಿದಂತೆ. ಮರುದಿನ ಬೆಳಿಗ್ಗೆ ಆ ಕುರ್ಚಿಯಲ್ಲಿ ಕುಳಿತುಕೊಳ್ಳುವ ಹೊಸಬನು ಮೇಜಿನ ಸೆಳೆಖಾನೆಯನ್ನು ಎಳೆದಾಗ ಕಡತಗಳು ಕ್ರಮವಾಗಿದ್ದು, ಉಳಿದ ಕೆಲಸದ ಪಟ್ಟಿ ಕೈಗೆ ಸಿಕ್ಕಿದರೆ, ಮೌನವಾಗಿ ಒಂದು ಕಬೂಲಾಯತ್ ಬರೆದುಕೊಟ್ಟಂತೆಯೇ ಸರಿ. ಆಗ ಬಿಟ್ಟವನ ಪತ್ರವೂ ತನ್ನ ಹೆಸರಿಗೆ ತಕ್ಕಂತೆ ಒಪ್ಪಿಗೆಯ ಪತ್ರವಾಗುತ್ತದೆ.